ಹೈಬ್ರಿಡ್ ಕಾರಿನ ಬ್ಯಾಟರಿ: ವಾರಂಟಿ ಹೇಳುವುದೇನು, ಹೇಳದಿರುವುದೇನು?

ಹೈಬ್ರಿಡ್ ಕಾರು ಕೊಳ್ಳಲು ಹೋದರೆ ನಿಮಗೆ ತೋರಿಸುವ ಅಂಕಿಗಳಲ್ಲಿ ಮುಖ್ಯವಾದುದು ‘8 ವರ್ಷ ಅಥವಾ 1,60,000 ಕಿ.ಮೀ.’ ಎಂಬುದು. ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೋಟಾ ಕಿರ್ಲೋಸ್ಕರ್ 2021ರಲ್ಲಿ ತನ್ನ ಹೈಬ್ರಿಡ್ ಬ್ಯಾಟರಿಗಳ ವಾರಂಟಿಯನ್ನು 3 ವರ್ಷದಿಂದ ಈ ಮಟ್ಟಕ್ಕೆ ಏರಿಸಿತು. ಇದು ಸ್ವಾಗತಾರ್ಹವೇ. ಆದರೆ ವಾರಂಟಿ ಪತ್ರವನ್ನು ಒಂದು ತಾಂತ್ರಿಕ ಬರಹವೆಂದು ಓದಿ ನೋಡಿ. ಅದು ಬ್ಯಾಟರಿಯ ಸ್ವಭಾವವನ್ನು ಅರ್ಧ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಮೊದಲು ‘ಅಥವಾ’ ಎಂಬ ಪದ. ವರ್ಷ, ದೂರ ಇವುಗಳಲ್ಲಿ ಯಾವುದು ಮೊದಲು ಮುಗಿಯುವುದೋ ಅಲ್ಲಿಗೆ ವಾರಂಟಿಯೂ ಮುಗಿಯುತ್ತದೆ. ದಿನಕ್ಕೆ 200 ಕಿ.ಮೀ. ಓಡುವ ಕಾರಿಗೆ ಇದು ಕೇವಲ 800 ದಿನ, ಎಂದರೆ ಎರಡೂಕಾಲು ವರ್ಷವೂ ಅಲ್ಲ.

ಎರಡನೆಯದು ‘ದೋಷ’ ಎಂಬ ಪದ. ವಾರಂಟಿ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಅನ್ವಯಿಸುತ್ತದೆ, ಸಹಜ ಸವೆತಕ್ಕಲ್ಲ. ಆದರೆ ಬ್ಯಾಟರಿ ಆಕ್ಸಲಿನಂತೆ ಒಮ್ಮೆಲೇ ಮುರಿಯುವುದಿಲ್ಲ. ಸ್ವಲ್ಪಸ್ವಲ್ಪವಾಗಿ ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಎರಡನೆಯ ತಲೆಮಾರಿನ ಪ್ರಿಯಸ್ ಕಾರಿನಲ್ಲಿ 1.2 ವೋಲ್ಟಿನ 168 ನಿಕಲ್ ಮೆಟಲ್ ಹೈಡ್ರೈಡ್ ಕೋಶಗಳಿದ್ದು, ಒಟ್ಟು 201.6 ವೋಲ್ಟ್ ದೊರೆಯುತ್ತಿತ್ತು. ಬಾಳಿಕೆಗಾಗಿ ಕಂಪ್ಯೂಟರು ಅವುಗಳ ಚಾರ್ಜನ್ನು ಸುಮಾರು 40ರಿಂದ 80 ಶೇಕಡದ ನಡುವೆಯೇ ಇಡುತ್ತದೆ. ಈ ಜಾಣ್ಮೆಯಿಂದಲೇ ಸವೆತ ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಎಚ್ಚರಿಕೆ ದೀಪ ಹೊತ್ತಿದಾಗ ವಾರಂಟಿ ಅವಧಿ ದಾಟಿರಬಹುದು.

ಇದಕ್ಕೊಂದು ಅಳತೆಗೋಲು ಸಾಧ್ಯವಿಲ್ಲವೇ? ಸಾಧ್ಯವಿದೆ. 2022ರಲ್ಲಿ ವಿಶ್ವಸಂಸ್ಥೆಯ ವೇದಿಕೆ ಅಂಗೀಕರಿಸಿದ ಬ್ಯಾಟರಿ ಬಾಳಿಕೆ ನಿಯಮದಲ್ಲಿ, 5 ವರ್ಷ ಅಥವಾ 1,00,000 ಕಿ.ಮೀ.ವರೆಗೆ 80 ಶೇಕಡ, 8 ವರ್ಷ ಅಥವಾ 1,60,000 ಕಿ.ಮೀ.ವರೆಗೆ 70 ಶೇಕಡ ಸಾಮರ್ಥ್ಯ ಉಳಿದಿರಬೇಕೆಂದಿದೆ. ಆದರೆ ಅದು ಹೊರಗಿನಿಂದ ಚಾರ್ಜ್ ಮಾಡುವ ಕಾರುಗಳಿಗೆ ಮಾತ್ರ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ, ಪ್ಲಗ್ ಇಲ್ಲದ ಹೈಬ್ರಿಡ್ ಅದರ ವ್ಯಾಪ್ತಿಯಿಂದ ಹೊರಗುಳಿದಿದೆ.

ಅವಧಿಯನ್ನು ರಸಾಯನಶಾಸ್ತ್ರವೊಂದೇ ನಿರ್ಧರಿಸುವುದೂ ಇಲ್ಲ. ಅಮೆರಿಕದಲ್ಲಿ ಬಹುಕಾಲ ಪ್ರಿಯಸ್ ಬ್ಯಾಟರಿಗೆ 8 ವರ್ಷ ಅಥವಾ 1,00,000 ಮೈಲಿ ವಾರಂಟಿ ಇದ್ದರೆ, ಕ್ಯಾಲಿಫೋರ್ನಿಯದಲ್ಲಿ ಅದೇ ಬ್ಯಾಟರಿಗೆ 10 ವರ್ಷ ಅಥವಾ 1,50,000 ಮೈಲಿ. ಅಲ್ಲಿನ ಹೊಗೆ ನಿಯಂತ್ರಣ ಕಾನೂನು ಬ್ಯಾಟರಿಯನ್ನೂ ಮಾಲಿನ್ಯ ತಡೆಯುವ ಭಾಗವೆಂದು ಪರಿಗಣಿಸಿದ್ದೇ ಕಾರಣ. 2020ರ ಮಾದರಿಯಿಂದ ಕಂಪನಿ ದೇಶಕ್ಕೆಲ್ಲ ಇದನ್ನೇ ಅನ್ವಯಿಸಿತು. ಕಾನೂನು ಕೇಳಿದರೆ ಕಂಪನಿ ಕೊಡಬಲ್ಲದು ಎಂದಾಯಿತು.

ಆದ್ದರಿಂದ ಕೊಳ್ಳುವ ಮುನ್ನ ಕೆಲವು ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ಸಾಮರ್ಥ್ಯ ಕುಗ್ಗಿದರೆ ವಾರಂಟಿ ಇದೆಯೇ? ಬದಲಿಗೆ ಕೊಡುವುದು ಹೊಸ ಬ್ಯಾಟರಿಯೋ, ದುರಸ್ತಿ ಮಾಡಿದ್ದೋ? ಅದಕ್ಕೆ ಹೊಸ ಅವಧಿಯೋ, ಉಳಿದ ಅವಧಿಯೋ? ಕಾರು ಮಾರಿದರೆ ಎರಡನೆಯ ಒಡೆಯನಿಗೂ ವಾರಂಟಿ ಸಲ್ಲುವುದೇ? ಬ್ಯಾಟರಿಗೆ ತಂಪು ಗಾಳಿ ಒಯ್ಯುವ ಕಿಂಡಿಯನ್ನು ಸಾಮಾನುಗಳಿಂದ ಮುಚ್ಚಬೇಡಿ. ಅದನ್ನು ಶುಚಿ ಮಾಡಿಸಿದ ರಸೀತಿಗಳನ್ನು ಇಟ್ಟುಕೊಳ್ಳಿ.

ಪ್ರತಿ ಸರ್ವಿಸಿನಲ್ಲೂ ಬ್ಯಾಟರಿಯ ಉಳಿದ ಸಾಮರ್ಥ್ಯವನ್ನು ಅಳೆದು ಶೇಕಡದಲ್ಲಿ ಬರೆದುಕೊಡುವುದು ಕಡ್ಡಾಯವಾಗಬೇಕು. ಅಲ್ಲಿಯವರೆಗೆ ವಾರಂಟಿ ಕಾಲವನ್ನೂ ದೂರವನ್ನೂ ಅಳೆಯುತ್ತದೆಯೇ ಹೊರತು ಬ್ಯಾಟರಿಯನ್ನಲ್ಲ.