ಫ್ಲೀಟರ ಸಂಗ್ರಹದ ಒಂದು ಯುದ್ಧಲಾವಣಿ

ಜೆ. ಎಫ್. ಫ್ಲೀಟರು ೧೮೮೫ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಐದು ಕನ್ನಡ ಲಾವಣಿಗಳಲ್ಲಿ, ೧೮೫೭ರ ಹಲಗಲಿ ಬೇಡರ ಕಾಳಗವನ್ನು ಕುರಿತುದೇ ಯುದ್ಧಕಥನವಾಗಿ ಶ್ರೇಷ್ಠವೆಂದು ನಾವು ಭಾವಿಸುತ್ತೇವೆ. ಹತಾರಗಳನ್ನು ಒಪ್ಪಿಸಬೇಕೆಂಬ ಕುಂಪಣಿಯ ಆಜ್ಞೆಯೇ ದಂಗೆಗೆ ಕಾರಣವೆಂಬುದನ್ನು ಲಾವಣಿಕಾರನು ಮೊದಲಿಗೇ ಹೇಳುತ್ತಾನೆ. ಶೌರ್ಯವರ್ಣನೆ ಲಾವಣಿಯ ವಾಡಿಕೆ. ಆದರೆ ಸುಲಿಗೆಯಲ್ಲಿ ಹೋದ ಉಪ್ಪು, ಎಣ್ಣೆ, ಅರಿಸಿನ, ಬೆಲ್ಲ, ಮಂಗಳಸೂತ್ರಗಳನ್ನು ಅವನು ಒಂದೊಂದಾಗಿ ಎಣಿಸುವುದು ವಾಡಿಕೆಯ ಮಾತಲ್ಲ. ಸೋತವರ ಮನೆಯ ಈ ಲೆಕ್ಕವನ್ನು ಗೆದ್ದವರ ದಫ್ತರದಲ್ಲಿ ನಿರೀಕ್ಷಿಸಲಾಗದು. ಇತಿಹಾಸಕಾರನಿಗೆ ಲಾವಣಿಯ ಬೆಲೆ ಇರುವುದು ಇಲ್ಲಿಯೇ.

ಸಂಗ್ರಹದ ಕೊರತೆಯೊಂದು ನಮ್ಮ ಸೀಮೆಗೆ ಸಂಬಂಧಿಸಿದುದು. ದತ್ತಕಕ್ಕೆ ಅನುಮತಿ ದೊರೆಯದೆ ನೊಂದಿದ್ದ ಬಾಬಾಸಾಹೇಬರು ೧೮೫೮ರಲ್ಲಿ ನಡೆಸಿದ ನರಗುಂದದ ಬಂಡಾಯಕ್ಕೆ, ಸುರೇಬಾನದಲ್ಲಿ ಮ್ಯಾನ್ಸನ್ ಹತನಾದ ಪ್ರಸಂಗಕ್ಕೆ, ಇದರಲ್ಲಿ ಎಡೆಯಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ಹಾಡುಗಾರರ ಬಾಯಲ್ಲಿ ಉಳಿದುದನ್ನು ಬರೆದಿಟ್ಟುಕೊಂಡಲ್ಲದೆ ಆ ಬಂಡಾಯದ ಇತಿಹಾಸವು ಪೂರ್ಣವಾಗದು.