ಕ್ಲಿಪ್ಪಿನ ಬ್ರ್ಯಾಂಡು, ಹಲ್ಲಿನ ಬೇರು

ಹಲ್ಲಿಗೆ ಕ್ಲಿಪ್ ಹಾಕಿಸಲು ಹೋದವರ ಮುಂದೆ ಮೊದಲು ಬರುವುದು ದರಪಟ್ಟಿ: ಮೆಟಲ್, ಸೆರಾಮಿಕ್, ಸೆಲ್ಫ್ ಲೈಗೇಟಿಂಗ್, ಕೊನೆಗೆ ಕಣ್ಣಿಗೆ ಕಾಣದ ಅಲೈನರ್. ದರ ಏರಿದಂತೆ ಹೊಗಳಿಕೆಯೂ ಏರುತ್ತದೆ. ನೋವು ಕಡಿಮೆ, ಬೇಗ ಮುಗಿಯುತ್ತದೆ, ಬೇರಿಗೂ ಮೂಳೆಗೂ ಹಿತ. ಮೊದಲೆರಡು ಮಾತು ಹಾಗಿರಲಿ. ಮೂರನೆಯದನ್ನು ಒರೆಗೆ ಹಚ್ಚಲೇಬೇಕು. ಬೇರಿಗೆ ಏನಾಯಿತೆಂದು ಕನ್ನಡಿಯಲ್ಲಿ ನೋಡಿಕೊಳ್ಳುವಂತಿಲ್ಲವಲ್ಲ.

ಹಲ್ಲು ದವಡೆಯಲ್ಲಿ ಮೊಳೆ ಹೊಡೆದಂತೆ ಕೂತಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ತಂತಿಯ ಬಲಕ್ಕೆ ಒತ್ತು ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸದು ಕಟ್ಟಿಕೊಳ್ಳುತ್ತದೆ. ಹೀಗೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಪಯಣ. ಒತ್ತಡ ಅತಿಯಾದರೆ ಆ ಪದರದಲ್ಲಿ ರಕ್ತದ ಹರಿವು ನಿಂತು ಅಷ್ಟು ಜಾಗ ನಿರ್ಜೀವವಾಗುತ್ತದೆ. ಅದನ್ನು ತೆರವು ಮಾಡಲು ಬಂದ ಕೋಶಗಳು ಪಕ್ಕದ ಬೇರನ್ನೂ ಕೆರೆಯುತ್ತವೆ. ಇದೇನೂ ಹೊಸ ಸುದ್ದಿಯಲ್ಲ. ಬೇರು ಮೊಟಕಾಗುವುದನ್ನು ದಂತವೈದ್ಯ ಕೆಚಮ್ 1920ರ ದಶಕದ ಕೊನೆಯಲ್ಲೇ ಎಕ್ಸ್‌ರೇಯಲ್ಲಿ ತೋರಿಸಿದ್ದರು. ಲೋಮನಾಳಗಳ ರಕ್ತದೊತ್ತಡವನ್ನು, ಅಂದರೆ ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಅನ್ನು, ಬಲ ಮೀರಬಾರದೆಂದು ಇನ್ನೊಬ್ಬ ದಂತತಜ್ಞ ಷ್ವಾರ್ಟ್ಸ್ 1932ರಲ್ಲಿ ಬರೆದರು.

ಇನ್ನು ಬ್ರ್ಯಾಂಡುಗಳ ಮಾತು. 1990ರ ದಶಕದಲ್ಲಿ ಬಂದ ಡೇಮನ್ ಎಂಬ ಸೆಲ್ಫ್ ಲೈಗೇಟಿಂಗ್ ಪದ್ಧತಿಯವರು, ತಮ್ಮ ಹಗುರ ಬಲಕ್ಕೆ ದವಡೆ ಅಗಲವಾಗುತ್ತದೆ, ಹಲ್ಲಿನ ಹಿಂದೆಯೇ ಮೂಳೆಯೂ ಬರುತ್ತದೆ ಎಂದರು. ಆಕರ್ಷಕ ವಾದ. ಆದರೆ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಮಾಡಿ ನೋಡಿದಾಗ ಹಲ್ಲುಗಳು ಬಹುಮಟ್ಟಿಗೆ ಕೆನ್ನೆಯ ಕಡೆಗೆ ವಾಲಿದ್ದವು, ಆ ಬದಿಯ ಮೂಳೆ ತೆಳುವಾಗಿತ್ತು. ಬೇರಿನ ಸವೆತದಲ್ಲೂ ಮಾಮೂಲಿ ಬ್ರೇಸಸ್‌ಗಿಂತ ಖಚಿತವಾದ ಲಾಭವೇನೂ ಕಾಣಲಿಲ್ಲ. ಅಲೈನರ್‌ಗಳ ಸ್ಥಿತಿ ತುಸು ಮೇಲು; ಹಲವು ಹೋಲಿಕೆಗಳಲ್ಲಿ ಸವೆತ ಕಡಿಮೆ. ಆದರೆ ಸುಲಭದ ಬಾಯಿಗಳೇ ಹೆಚ್ಚಾಗಿ ಅಲೈನರ್ ಪಾಲಿಗೆ ಬರುತ್ತವೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ.

ಬೇರಿನ ತುದಿ ಎಷ್ಟು ದೂರ ಸರಿಯಿತು, ಹಲ್ಲನ್ನು ಮೂಳೆಯೊಳಕ್ಕೆ ಒತ್ತಲಾಯಿತೇ, ಚಿಕಿತ್ಸೆ ಎಷ್ಟು ಕಾಲ ಎಳೆಯಿತು, ಚಿಕ್ಕಂದಿನಲ್ಲಿ ಬಿದ್ದು ಹಲ್ಲಿಗೆ ಪೆಟ್ಟಾಗಿತ್ತೇ ಎಂಬವೇ ಬ್ರ್ಯಾಂಡಿಗಿಂತ ತೂಕದ ಪ್ರಶ್ನೆಗಳು. ಮೊದಲ ಏಟು ತಿನ್ನುವುದು ಮೇಲಿನ ಬಾಚಿಹಲ್ಲುಗಳು. ತೀವ್ರ ಸವೆತ ನೂರರಲ್ಲಿ ಒಬ್ಬರಿಂದ ಐವರಿಗಷ್ಟೇ; ತಂತಿ ತೆಗೆದ ಮೇಲೆ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಹೋದ ಉದ್ದ ಮಾತ್ರ ಮರಳುವುದಿಲ್ಲ. ಆರು ತಿಂಗಳಿಗೊಮ್ಮೆ ಆ ಬಾಚಿಹಲ್ಲುಗಳದೊಂದು ಸಣ್ಣ ಎಕ್ಸ್‌ರೇ ತೆಗೆದು, ಸವೆತ ಕಂಡರೆ ಎರಡು ಮೂರು ತಿಂಗಳು ತಂತಿಯ ಬಲಕ್ಕೆ ರಜೆ ಕೊಡುವುದು ಒಳ್ಳೆಯ ರೂಢಿ. ಶುರುವಿನಲ್ಲೊಂದು ಓಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ, ತೆಗೆದು ಕೈತೊಳೆದುಕೊಳ್ಳುವ ಕ್ಲಿನಿಕ್ಕು ಯಾವ ಬ್ರ್ಯಾಂಡ್ ಹಾಕಿದರೂ ಅಷ್ಟೇ.

‘ಹಲ್ಲು ಕೀಳದೆ ಚಿಕಿತ್ಸೆ’ ಎಂಬುದನ್ನೂ ಈಗ ಹೆಗ್ಗಳಿಕೆಯಾಗಿ ಮಾರುತ್ತಾರೆ. ಕೆಳಗಿನ ಬಾಚಿಹಲ್ಲುಗಳ ಮುಂದಿನ ಮೂಳೆ ಅನೇಕರಲ್ಲಿ ಒಂದು ಮಿಲಿಮೀಟರೂ ಇರುವುದಿಲ್ಲ. ಒತ್ತೊತ್ತಾಗಿರುವ ಹಲ್ಲುಗಳನ್ನು ಅಲ್ಲಿಂದ ಮುಂದಕ್ಕೆ ತಳ್ಳಿದರೆ ಬೇರು ಮೂಳೆ ದಾಟುತ್ತದೆ, ಕ್ರಮೇಣ ವಸಡೂ ಇಳಿಯಬಹುದು. ಓಪಿಜಿಯಲ್ಲಿ ಇದು ಕಾಣುವುದೇ ಇಲ್ಲ. ಹಾಗೆಂದು ಹಲ್ಲು ಕಿತ್ತು, ಮುಂದಿನವನ್ನು ದೂರದವರೆಗೆ ಹಿಂದೆಳೆದರೆ ಬೇರಿನ ಸವೆತ ಹೆಚ್ಚುವ ಭಯ. ಎರಡರಲ್ಲಿ ಯಾವುದೆಂದು ಆ ಬಾಯಿಯ ಮೂಳೆ, ಬೇರು, ವಸಡು ನೋಡಿಯೇ ಹೇಳಬೇಕು. ಅಲೈನರೋ ಮೆಟಲ್ಲೋ ಎಂಬ ಚರ್ಚೆ ಅಲ್ಲಿಯವರೆಗೆ ಕಾಯಬಹುದು.