ಕೊಂಡಿ ಮತ್ತು ಸಾಕ್ಷ್ಯ: ಗಣಕವು ಜೋಡಿಸಿದ ಜೀವನದಾಖಲೆಗಳಿಗೆ ಜನರ ಪ್ರತಿಕ್ರಿಯೆ

ವ್ಯಕ್ತಿಯೊಬ್ಬರ ಬದುಕು ಯಾವ ಪತ್ರಾಗಾರದಲ್ಲಿಯೂ ಇಡಿಯಾಗಿ ಸಿಗುವುದಿಲ್ಲ. ಜನನ, ವಿವಾಹ, ಮರಣಗಳು ಬೇರೆ ಬೇರೆ ಪುಸ್ತಕಗಳಲ್ಲಿ ನಮೂದಾಗಿರುತ್ತವೆ; ಜನಗಣತಿಯ ಪಟ್ಟಿಗಳಲ್ಲಿ ಅದೇ ಹೆಸರು ಬೇರೆ ವಯಸ್ಸಿನೊಡನೆ, ಬೇರೆ ಮನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಇಂತಹ ಚದುರಿದ ನಮೂದುಗಳನ್ನು ಗಣಕದ ನೆರವಿನಿಂದ ಜೋಡಿಸಿ ಜೀವನಪಥಗಳನ್ನು ಪುನಾರಚಿಸುವ ‘ಲಿಂಕ್-ಲೈವ್ಸ್’ ಯೋಜನೆಯು ೨೦೧೯ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭವಾಯಿತು. ಅಲ್ಲಿನ ರಾಷ್ಟ್ರೀಯ ಪತ್ರಾಗಾರ, ಕೋಪನ್‌ಹೇಗನ್ ವಿಶ್ವವಿದ್ಯಾಲಯ ಮತ್ತು ಕೋಪನ್‌ಹೇಗನ್ ನಗರ ಪತ್ರಾಗಾರಗಳು ಇದರಲ್ಲಿ ಕೈಜೋಡಿಸಿದವು. ೧೭೮೭ರ ಜನಗಣತಿಯಿಂದ ಹಿಡಿದು, ನಿವಾಸಿಗಳಿಗೆ ವೈಯಕ್ತಿಕ ಸಂಖ್ಯೆ ನೀಡಿದ ೧೯೬೮ರ ಕೇಂದ್ರ ನೋಂದಣಿಯವರೆಗಿನ ಕಾಲವನ್ನು ಯೋಜನೆ ಗುರಿಯಾಗಿಸಿಕೊಂಡಿತು. ಹೀಗೆ ಕಟ್ಟಿದ ಜೀವನಪಥಗಳನ್ನು ಸಾರ್ವಜನಿಕರ ಮುಂದಿರಿಸಿ, ಪ್ರತಿಯೊಂದು ಕೊಂಡಿಯೂ ನಂಬಲರ್ಹವೇ ಎಂದು ಅವರನ್ನೇ ಕೇಳಿದ್ದು ಇದರ ವೈಶಿಷ್ಟ್ಯ. ಈ ಪ್ರತಿಕ್ರಿಯೆಗೆ ಸಂಶೋಧನೆಯಲ್ಲಿ ಯಾವ ಸ್ಥಾನ ಸಲ್ಲಬೇಕು ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

ಜೋಡಣೆಯ ಕಷ್ಟ ಮೊದಲಿಗೆ ಹೆಸರಿನದು. ಡೆನ್ಮಾರ್ಕಿನ ಗ್ರಾಮಗಳಲ್ಲಿ ತಂದೆಯ ಹೆಸರೇ ಮಕ್ಕಳ ಉಪನಾಮವಾಗುತ್ತಿತ್ತು. ಪೇದರ್‌ನ ಮಗ ಪೇದರ್ಸನ್, ಮಗಳು ಪೇದರ್ಸ್‌ದಾತರ್. ಸ್ಥಿರವಾದ ಕುಲನಾಮವಿರಬೇಕೆಂದು ೧೮೨೮ರಲ್ಲಿ ರಾಜಾಜ್ಞೆ ಹೊರಟರೂ ರೂಢಿ ಬೇಗ ಬದಲಾಗಲಿಲ್ಲ. ೧೮೪೫ಕ್ಕೆ ಮೊದಲಿನ ಗಣತಿಗಳಲ್ಲಿ ಜನ್ಮಸ್ಥಳದ ನಮೂದೂ ಇರಲಿಲ್ಲ. ಒಂದೇ ವಯಸ್ಸಿನ ಇಬ್ಬರು ಯೆನ್ಸ್ ಹಾನ್ಸನ್‌ರು ಅಕ್ಕಪಕ್ಕದ ಊರುಗಳಲ್ಲಿದ್ದರೆ ಅವರನ್ನು ಬೇರ್ಪಡಿಸುವುದು ಸುಲಭವಲ್ಲ. ತಜ್ಞರು ಕೈಯಾರೆ ಮಾಡಿದ ಜೋಡಣೆ, ಮೊದಲೇ ಗೊತ್ತುಪಡಿಸಿದ ನಿಯಮಗಳು, ಉದಾಹರಣೆಗಳಿಂದ ಕಲಿಯುವ ಗಣಕಕ್ರಮ ಎಂಬ ಮೂರು ದಾರಿಗಳನ್ನು ಯೋಜನೆ ಬಳಸಿತು. ದಾರಿ ಯಾವುದೇ ಇರಲಿ, ಹೀಗೆ ದೊರೆತ ಕೊಂಡಿ ಒಂದು ಊಹೆ. ಅದು ಸ್ವತಃ ದಾಖಲೆಯಲ್ಲ. ಆ ಊಹೆಯನ್ನು ಜನರ ಪರಿಶೀಲನೆಗೆ ಒಡ್ಡಿದ್ದು ಪ್ರಾಮಾಣಿಕವಾದ ನಡೆ. ಹಳೆಯ ಗಣತಿಗಳ ಬಹುಭಾಗವನ್ನು ಓದಿ ಗಣಕಕ್ಕೆ ಊಡಿಸಿದವರೂ ಸ್ವಯಂಸೇವಕರೇ ಆದುದರಿಂದ, ಜನರನ್ನು ಕೇಳುವುದು ವಿದ್ವಾಂಸರ ಔದಾರ್ಯವೇನಲ್ಲ, ಋಣಸಂದಾಯ.

ಆದರೆ ಇಲ್ಲಿ ಎರಡು ಆಕ್ಷೇಪಗಳನ್ನು ಎತ್ತಬೇಕಾಗುತ್ತದೆ. ಮೊದಲನೆಯದು, ಸಮ್ಮತಿ ಬೇರೆ, ಸಾಕ್ಷ್ಯ ಬೇರೆ. ಒಂದು ಮನೆತನದ ನಂಬಿಕೆಯನ್ನು ಹತ್ತು ಮಂದಿ ತಮ್ಮ ವಂಶವೃಕ್ಷಗಳಿಗೆ ನಕಲು ಮಾಡಿಕೊಂಡು, ಹತ್ತು ಮಂದಿಯೂ ಕೊಂಡಿ ಸರಿಯೆಂದರೆ, ಅಲ್ಲಿರುವುದು ಹತ್ತು ಸಾಕ್ಷ್ಯಗಳಲ್ಲ, ಒಂದು ಹೇಳಿಕೆಯ ಹತ್ತು ಪ್ರತಿಗಳು. ಕ್ಷೇತ್ರಕಾರ್ಯ ಮಾಡಿದ ಜಾನಪದ ವಿದ್ವಾಂಸರು ಈ ವ್ಯತ್ಯಾಸವನ್ನು ಬಲ್ಲರು. ಹೇಳಿದವರು ಯಾರು, ಅವರು ಯಾರಿಂದ ಕೇಳಿದರು, ಆಧಾರವೇನು ಎಂಬ ವಿವರಗಳಿಲ್ಲದ ಪಾಠಕ್ಕೆ ನಮ್ಮಲ್ಲಿ ಬೆಲೆಯಿಲ್ಲ. ಹೌದು, ಅಲ್ಲ ಎಂಬ ಎಣಿಕೆಯು ಈ ವಿವರಗಳ ಜಾಗವನ್ನು ತುಂಬಲಾರದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ತಿದ್ದಲು ಬರುವವರಲ್ಲಿ ಹೆಚ್ಚಿನವರು ತಮ್ಮ ಪೂರ್ವಿಕರನ್ನು ಹುಡುಕುವವರು. ಸಂತತಿಯಿದ್ದವರ ಪರವಾಗಿ ಮಾತನಾಡಲು ಜನರಿದ್ದಾರೆ. ಮನೆಯಿಂದ ಮನೆಗೆ ದುಡಿಯುತ್ತ ಅವಿವಾಹಿತಳಾಗಿಯೇ ಸತ್ತ ಸೇವಕಿಗೆ, ಎಳವೆಯಲ್ಲೇ ತೀರಿಕೊಂಡ ಮಗುವಿಗೆ ಅಂತಹವರು ಯಾರು? ಅವರ ಕೊಂಡಿ ತಪ್ಪಿದ್ದರೂ ತಪ್ಪೆನ್ನುವವರಿಲ್ಲ. ಇಂತಹ ಪ್ರತಿಕ್ರಿಯೆಯನ್ನೇ ಮಾದರಿಯಾಗಿಟ್ಟು ಗಣಕಕ್ಕೆ ಕಲಿಸಿದರೆ, ಅದು ವಂಶ ಬೆಳೆದವರ ಬದುಕನ್ನೇ ಬದುಕಿನ ಸಾಮಾನ್ಯ ರೂಪವೆಂದು ಕಲಿಯುವ ಅಪಾಯವಿದೆ.

ಈ ಸಮಸ್ಯೆಯನ್ನು ಅರಿಯಲು ಕರ್ನಾಟಕದ ಹೆಳವರ ವೃತ್ತಿ ನಮಗೆ ನೆರವಾಗುತ್ತದೆ. ಎತ್ತನ್ನೇರಿ ಒಕ್ಕಲುಮನೆಗಳಿಗೆ ಬರುವ ಹೆಳವರು ಮನೆತನದ ವಂಶಾವಳಿಯನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ದವಸ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಅಲ್ಲಿಯೂ ದಾಖಲೆ ಜನರೆದುರಿಗೇ ಬೆಳೆಯುತ್ತಿತ್ತು. ಆದರೆ ಹೇಳುವವರಿಗೂ ಕೇಳುವವರಿಗೂ ಪರಸ್ಪರ ಪರಿಚಯವಿತ್ತು. ಹೆಸರು ಹೇಳಿದ ಹಿರಿಯರು ಯಾರೆಂಬುದು ಹೆಳವರಿಗೆ ಗೊತ್ತಿರುತ್ತಿತ್ತು. ಹಾಗೆಂದು ಈ ಪರಂಪರೆಯನ್ನು ವೈಭವೀಕರಿಸಬೇಕಾಗಿಲ್ಲ. ಅದೂ ಮುಖ್ಯವಾಗಿ ಗಂಡುಸಂತತಿಯ ಸಾಲನ್ನೇ ಹಿಡಿದು ಸಾಗಿತು; ಕೊಟ್ಟ ಹೆಣ್ಣುಮಕ್ಕಳ ಮುಂದಿನ ಬದುಕು ಆ ಸಾಲಿನಿಂದ ಹೊರಗುಳಿಯಿತು. ಕೇಳುವ ಮನೆಯಿದ್ದವರ ಕಥೆಯಷ್ಟೇ ಉಳಿಯುತ್ತದೆ ಎಂಬುದು ಎರಡೂ ಕಡೆಗೆ ಸಮಾನವಾದ ಮಿತಿ.

ಆದುದರಿಂದ ಜನರ ಪ್ರತಿಕ್ರಿಯೆಯನ್ನು ಅಂತಿಮ ತೀರ್ಪೆಂದಾಗಲಿ, ಗಣಕದ ದೋಷನಿವಾರಣೆಯ ಸಾಧನವೆಂದಾಗಲಿ ಭಾವಿಸದೆ, ಸ್ವತಂತ್ರ ದಾಖಲೆಯೆಂದೇ ಸಂರಕ್ಷಿಸುವುದು ಯುಕ್ತ. ಆಧಾರದ ಸ್ವರೂಪವನ್ನು ನಮೂದಿಸಬೇಕು. ಭಿನ್ನಾಭಿಪ್ರಾಯಗಳನ್ನು ಅಳಿಸದೆ ಪಾಠಾಂತರಗಳಂತೆ ಉಳಿಸಬೇಕು. ಯಾರೂ ಕೇಳಿಕೊಂಡು ಬಾರದ ಬದುಕುಗಳನ್ನು ಸಂಶೋಧಕರು ತಾವೇ ಆಯ್ದು ಪರೀಕ್ಷಿಸಬೇಕು. ವಾರಸುದಾರರಿಲ್ಲದ ಹೆಸರಿಗೆ ವಾರಸುದಾರರಾಗುವ ಹೊಣೆ ವಿದ್ವತ್ತಿನದು. ಈ ಹೊಣೆಯನ್ನು ಯಂತ್ರಕ್ಕೂ ಬಹುಮತಕ್ಕೂ ಒಪ್ಪಿಸಲು ಬರುವುದಿಲ್ಲ.